ಮುನಿಯಮ್ಮನ ವೀರಗಲ್ಲು

ಇವತ್ತು ಬೆಳಿಗ್ಗೆ ಗೆದ್ದಲು ಹತ್ತಿದೆಯೇನೋ ಎಂದು ಹಳೆಯ ಟ್ರಂಕು ತೆಗೆದೆ. ಗೆದ್ದಲಿರಲಿಲ್ಲ, ಸುರುಳಿ ಸುತ್ತಿದ ದಪ್ಪ ಕಾಗದವೊಂದಿತ್ತು. ಬಿಡಿಸಿದರೆ ಕಪ್ಪು ಮಸಿಯ ನಡುವೆ ಒಂದು ಹಳದಿ ಕಲೆ. ಅಲ್ಲೇ ಕೂತುಬಿಟ್ಟೆ.

ಚಿನ್ನದ ಗಣಿಗಳ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಮೇಷ್ಟರಾಗಿದ್ದಾಗ ನನಗೊಂದು ಹುಚ್ಚಿತ್ತು. ಭಾನುವಾರ ಬಂತೆಂದರೆ ಸೈಕಲ್ಲೇರಿ ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಶಾಸನ, ವೀರಗಲ್ಲು ಹುಡುಕುವುದು. ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುವುದು. "ಕಲ್ಲಿಗ್ ಜ್ವರದ್ ಪಟ್ಟಿ ಆಕೋ ಮೇಷ್ಟ್ರು" ಎಂದು ಹಳ್ಳಿಯವರು ನಗುತ್ತಿದ್ದರು. ನಾನಂತೂ ಮಹಾ ಪಂಡಿತನೆಂದೇ ತಿಳಿದಿದ್ದೆ. ಆ ವಯಸ್ಸಿನಲ್ಲಿ ನೀವೂ ಏನೋ ಒಂದು ಆಗಿದ್ದಿರಬೇಕು, ಕ್ಷಮಿಸಿಬಿಡಿ.

ಒಂದು ಹೊಲದ ಬದುವಿನಲ್ಲಿ ಮೂರು ಹಂತದ ವೀರಗಲ್ಲು ಸಿಕ್ಕಿತು. ಮೈತುಂಬ ಅರಿಶಿನ. ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಿದ್ದೆ.

"ಯಾಕ್ ಸಾಮಿ ತೊಳೀತೀರ? ಅವ್ರು ನಮ್ಮೆಜಮಾನ್ರು."

ಕಳೆ ಕೀಳುತ್ತಿದ್ದ ಹೆಂಗಸು, ಹೆಸರು ಮುನಿಯಮ್ಮ. ಗಣಿಗಿಳಿದ ಗಂಡ ಬಂಡೆ ಕುಸಿದು ಒಳಗೇ ಉಳಿದನಂತೆ. ಹೆಣ ಸಿಗಲಿಲ್ಲ, ಎಡೆ ಇಡಲು ಸಮಾಧಿಯೂ ಇಲ್ಲ. ಊರಿಗಾಂನಲ್ಲಿ ಗಣಿಯಾಳುಗಳಿಗೆ ಕೊಟ್ಟ ಲೈನಿನ ಮನೆ ಬಿಟ್ಟು ತವರಿಗೆ ಬಂದವಳು ಈ ಕಲ್ಲು ಕಂಡಳು. ತನ್ನ ಮುಖಕ್ಕೆ ಹಚ್ಚುವುದು ಬಿಟ್ಟ ಅರಿಶಿನವನ್ನು ಅದಕ್ಕೆ ಹಚ್ಚುತ್ತ ಬಂದಿದ್ದಳು.

ಕುಕ್ಕರಗಾಲಲ್ಲಿ ಕೂತು, ಕೆಳಗಿನಿಂದ ಬೆರಳಿಟ್ಟು ತೋರಿಸಿದಳು. "ಕೆಳ್ಗೆ ನೋಡಿ, ಬಿದ್ದವ್ರೆ. ನಡುಮದ್ಯ ಕೇಜು. ಇಬ್ರು ಅಕ್ಕಪಕ್ಕ ಇಡ್ಕಂಡು ಮ್ಯಾಕ್ ತತ್ತಾವ್ರೆ. ಮ್ಯಾಲೆ ಸಿವಪ್ಪನ ಮುಂದೆ ಎಂಗ್ ಕುಂತವ್ರೆ ನೋಡಿ!"

ಗಣಿಯಾಳುಗಳನ್ನು ಇಳಿಸಿ ಏರಿಸುವ ಕಬ್ಬಿಣದ ಗೂಡಿಗೆ ಅಲ್ಲಿ ಕೇಜು ಎನ್ನುತ್ತಾರೆ. ನಾನು ಸುಮ್ಮನಿರಬಹುದಿತ್ತು. ಆದರೆ ಮೇಷ್ಟರ ಬಾಯಿ ನೋಡಿ.

"ಅಲ್ಲಮ್ಮ, ಅದು ಕೇಜಲ್ಲ. ಅವರಿಬ್ಬರು ಅಪ್ಸರೆಯರು. ಇವನು ಊರ ದನ ಬಿಡಿಸೋಕೆ ಹೋಗಿ ಸತ್ತೋನು. ಸಾವಿರ ವರ್ಷ ಆಗಿದೆ. ನಿನ್ನ ಗಂಡ ಅಲ್ಲ."

ನಾನು ತೊಳೆದ ಕಲ್ಲಿನ ಮೇಲೆ ಅವಳು ಒಮ್ಮೆ ಕೈಯಾಡಿಸಿದಳು.

"ಓಗ್ಲಿ ಬಿಡಿ ಸಾಮಿ. ಅವನ್ನಾದ್ರೂ ಮ್ಯಾಕ್ ತಂದ್ರಲ್ಲ" ಎಂದು ಕುಡುಗೋಲು ಎತ್ತಿಕೊಂಡು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟಾದರೂ ನಾನು ಅಚ್ಚು ತೆಗೆದುಕೊಂಡೇ ಬಂದೆ. ಎಷ್ಟು ತಿಕ್ಕಿದರೂ ನಡುವಿನ ಹಂತದ ಸಂದಿಯಲ್ಲಿ ಉಳಿದಿದ್ದ ಅರಿಶಿನವೂ ಕಾಗದಕ್ಕೆ ಹತ್ತಿಕೊಂಡು ಬಂತು.

ಮುಂದಿನ ಭಾನುವಾರ ಹೋದಾಗ ಕಲ್ಲು ಬೋಳಾಗಿತ್ತು. ಅದರ ಮುಂದಿನ ಭಾನುವಾರವೂ ಹಾಗೇ. ಒಮ್ಮೆ ನಾನೇ ಅರಿಶಿನದ ಪೊಟ್ಟಣ ಒಯ್ದು, ಯಾರೂ ಇಲ್ಲದ್ದು ನೋಡಿ ಹಚ್ಚಿ ಬಂದೆ. ಮುನಿಯಮ್ಮ ಮತ್ತೆ ಆ ಬದುವಿಗೆ ಬಂದಳೋ ಇಲ್ಲವೋ ಗೊತ್ತಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೆಂಡತಿ ಬಂದು ಕಾಗದದ ಮೇಲೆ ಬಗ್ಗಿದಳು. "ಯಾರ್ರೀ ಇದು?"

ಹಿಂದೆ ಆಗಿದ್ದರೆ ಅರ್ಧ ಗಂಟೆ ಪಾಠ ಹೇಳುತ್ತಿದ್ದೆ.

"ಮುನಿಯಮ್ಮನ ಯಜಮಾನರು" ಎಂದೆ. "ಕೇಜಿನಲ್ಲಿ ಮೇಲೆ ಬರ್ತಾ ಇದ್ದಾರೆ."