ಎರಡೂ ಕಾಲಿನ ಅಳತೆ

ಮಹಡಿ ಮನೆ ಆಂಟಿಯ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿತ್ತು. ಬಳಸಿ ಬಳಸಿ ಅದರ ಮೊದಲ ಮೂರು ಇಂಚಿನ ಅಂಕಿಗಳು ಅಳಿಸಿಹೋಗಿದ್ದವು. ಹೊಸದು ತಗೊಳ್ಳಿ ಎಂದರೆ, "ಒಂದು ಎರಡು ಮೂರು ನಂಗೆ ಬಾಯಿಪಾಠ ಕಣೇ" ಅನ್ನುತ್ತಿದ್ದರು.

ಪುಟ್ಟೇನಹಳ್ಳಿಯ ನಮ್ಮ ಬೀದಿಯ ರವಿಕೆಗಳೆಲ್ಲ ಅವರ ಮಿಷಿನ್ನಿನಿಂದಲೇ ಬರುತ್ತಿದ್ದವು. ಎರಡು ತೋಳನ್ನೂ ಬೇರೆ ಬೇರೆ ಅಳೆಯುವರು. ಯಾರ ಮೈಯೂ ಎರಡು ಕಡೆ ಒಂದೇ ಸಮ ಇರುವುದಿಲ್ಲ ಎನ್ನುವುದು ಅವರ ಮಾತು. ನನ್ನ ಬಲತೋಳು ಅರ್ಧ ಇಂಚು ದಪ್ಪ ಎಂದು ಗೊತ್ತಾದದ್ದು ಅವರಿಂದಲೇ. ಅಂದೇ ದಿನಚರಿಯಲ್ಲಿ ಬರೆದುಕೊಂಡೆ.

ಎರಡು ವರ್ಷದ ಹಿಂದೆ ಅವರಿಗೆ ಬಿಡದ ಕೆಮ್ಮು ಬಂತು. ಶ್ವಾಸಕೋಶದ ಕ್ಯಾನ್ಸರ್ ಎಂದಾಯಿತು. ಬೀಡಿ, ಸಿಗರೇಟು ಮುಟ್ಟದವರಿಗೆ ಇದು ಹೇಗೆ ಎಂದು ಬೀದಿಯವರು ಮರುಗಿದರು. ಆಂಟಿಯೂ ಅದನ್ನೇ ಕೇಳುತ್ತಿದ್ದರು, ಆದರೆ ನಿಜವಾಗಿ ತಿಳಿದುಕೊಳ್ಳಲು. ಮಗಳು ತುಮಕೂರಿನಲ್ಲಿದ್ದುದರಿಂದ ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದವಳು ನಾನು. ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿಸಿದ ಡಾಕ್ಟರು, ಅದರ ಜೀವಕೋಶಗಳಲ್ಲಿ ಒಂದು ಜೀನ್ ಬದಲಾಗಿದೆ, ಅದಕ್ಕೆಂದೇ ಮಾತ್ರೆ ಇದೆ ಎಂದರು.

"ಹಂಗಾದ್ರೆ ನನ್ ಮಗಳಿಗೂ ಬರುತ್ತಾ ಡಾಕ್ಟ್ರೇ?"

ಇಲ್ಲ, ಇದು ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯಲ್ಲೇ ಆದ ಬದಲಾವಣೆ ಎಂದರು. ಮಡಿಲಲ್ಲಿ ಬಿಗಿಹಿಡಿದಿದ್ದ ಬ್ಯಾಗನ್ನು ಆಂಟಿ ಆಗ ಕೆಳಗಿಟ್ಟರು. ಡಾಕ್ಟರು ಇನ್ನೊಂದು ಮಾತು ಸೇರಿಸಿದರು: ಈ ಬಗೆಯ ಬದಲಾವಣೆ ಇರುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕಾಲು ಊದಿದರೆ, ಉಸಿರು ಕಟ್ಟಿದರೆ ತಡಮಾಡಬೇಡಿ. ಎದೆಯ ಕಾಯಿಲೆಗೂ ಕಾಲಿನ ರಕ್ತಕ್ಕೂ ಏನು ಸಂಬಂಧ ಎಂದು ಆಂಟಿ ಕೇಳಿದರು. ಪೂರ್ತಿ ಉತ್ತರ ನಮಗೂ ಸಿಕ್ಕಿಲ್ಲಮ್ಮ ಎಂದು ಡಾಕ್ಟರು ನಕ್ಕರು. ಬಸ್ಸು ಬನಶಂಕರಿ ದಾಟುವವರೆಗೂ ಆಂಟಿ ಅದನ್ನೇ ನನ್ನನ್ನು ಕೇಳುತ್ತಿದ್ದರು.

ಮಾತ್ರೆಯಿಂದ ಕೆಮ್ಮು ತಗ್ಗಿತು. ಮತ್ತೆ ಮಿಷಿನ್ನಿನ ಮುಂದೆ ಕೂತರು. ಒಂದು ಮಂಗಳವಾರ ಸಂಜೆ, ಎಡಗಾಲಿನ ಮೀನಖಂಡ ಎಳೆಯುತ್ತಿದೆ ಎಂದರು. ಕೂತೂ ಕೂತೂ ನೀರು ಇಳಿದಿರಬೇಕು ಎಂದು ನನ್ನ ಅಜ್ಜಿ ಹರಳೆಣ್ಣೆ ಬಿಸಿ ಮಾಡಿಕೊಂಡು ಮಹಡಿ ಹತ್ತಿ ಬಂದಳು. ಬೀದಿಯಲ್ಲಿ ಯಾವ ಹೆಂಗಸಿಗೆ ಕಾಲು ನೋವು ಬಂದರೂ ನೀವುವವಳು ಅವಳೇ.

"ಕಾಲು ಚಾಚಮ್ಮ, ಒಂದು ಗಳಿಗೇಲಿ ಇಳಿಸ್ತೀನಿ."

ಕಾಲು ಚಾಚಿದ ಆಂಟಿ, ಅಜ್ಜಿಯ ಕೈ ತಾಗುವ ಮೊದಲೇ ಸೀರೆ ಸರಿಸಿ ಎರಡೂ ಕಾಲು ನೋಡಿಕೊಂಡರು. ಕೊರಳಿನ ಟೇಪು ತೆಗೆದರು. ಬಲಕ್ಕೆ ಹದಿಮೂರು. ಎಡಕ್ಕೆ ಹದಿನಾಲ್ಕೂ ಮುಕ್ಕಾಲು.

"ಅರ್ಧ ಇಂಚು ಎಲ್ರಿಗೂ ಇರುತ್ತೆ, ಇದು ಜಾಸ್ತಿ ಆಯ್ತು. ಕೂತಿದ್ದಕ್ಕೆ ಊದಿದ್ರೆ ಎರಡೂ ಊದ್ಬೇಕಿತ್ತಲ್ವಾ? ತಡೀರಿ ಅಜ್ಜಿ."

ನಾನು ಫೋನ್ ಮಾಡಿದೆ. ಉಜ್ಜಲೇಬೇಡಿ, ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದೀತು, ಈಗಲೇ ಬನ್ನಿ ಎಂದರು ಡಾಕ್ಟರು. ಆಟೋದಲ್ಲಿ ಎರಡೂ ಕಾಲಿನ ಅಳತೆಯನ್ನು ಆಸ್ಪತ್ರೆ ಚೀಟಿಯ ಹಿಂದೆ ಬರೆದುಕೊಂಡೆ. "ಏನೇ, ಇದನ್ನೂ ಬರ್ಕೊಂಡ್ಯಾ?" ಎಂದು ಆಂಟಿ ಕಿಚಾಯಿಸಿದರು. ಸ್ಕ್ಯಾನಿನಲ್ಲಿ ಹೆಪ್ಪು ಇತ್ತು.

ಹೆಪ್ಪು ಬೆಳೆಯದಂತೆ ಸೂಜಿ, ಆಮೇಲೆ ಮಾತ್ರೆ ಕೊಟ್ಟರು. ಮಗಳ ಮದುವೆಯ ರವಿಕೆಯನ್ನು ತಾವೇ ಹೊಲಿಯುವಷ್ಟು ಕಾಲ ಆಂಟಿಗೆ ಸಿಕ್ಕಿತು. ಈ ಸಲ ಯುಗಾದಿಗೆ ಮುಂಚೆ ಕ್ಯಾನ್ಸರ್ ಮತ್ತೆ ಕೆರಳಿತು. ಆಂಟಿ ಉಳಿಯಲಿಲ್ಲ.

ಟೇಪನ್ನು ಮಗಳು ತೆಗೆದುಕೊಂಡು ಹೋದಳು. ಮೊನ್ನೆ ಎದುರು ಮನೆಯ ಸೊಸೆ ಕಾಲು ನೋವು ಎಂದು ಬಂದಳು. ಎಣ್ಣೆಯ ಬಟ್ಟಲು ಕೈಯಲ್ಲಿದ್ದರೂ ಅಜ್ಜಿ ಒಲೆ ಹಚ್ಚಲಿಲ್ಲ.

"ಒಂದು ಕಾಲೋ, ಎರಡೋ? ಮೊದ್ಲು ಎರಡೂ ತೋರ್ಸು."