ಈರಲಿಂಗಪ್ಪ ಮಾಸ್ತರು ತುಂಬದೆ ಬಿಟ್ಟ ಸಾಲು

ಈರಲಿಂಗಪ್ಪ ಮಾಸ್ತರು ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಸೊಂಟವನ್ನು. ಮುಖ ಆಮೇಲೆ. ರಾಯದುರ್ಗದ ಚಹಾದಂಗಡಿಯೊಂದರಲ್ಲಿ ನನ್ನನ್ನು ಮೊದಲ ಸಲ ಕಂಡಾಗ, ಹೆಸರು ಕೇಳುವ ಮೊದಲೇ ಹೇಳಿದರು: "ಮೂವತ್ನಾಲ್ಕು. ಎಡಗಾಲು ಕಾಲಿಂಚು ಗಿಡ್ಡ. ಪೇಪರ್‌ನೋರಾ? ಕುಂತು ಬರೆಯೋ ಸೊಂಟ ಕಣಪ್ಪ ಇದು." ಮನೆಗೆ ಹೋಗಿ ಟೇಪು ಹಿಡಿದು ನೋಡಿದೆ. ಎಡಗಾಲಿನ ವಿಷಯ ನನಗೇ ಗೊತ್ತಿರಲಿಲ್ಲ.

ಅವರು ಮಡಕಶಿರಾ ಪಕ್ಕದ ರೊಳ್ಳದ ಕಡೆಯವರು. ಮನೆಯಲ್ಲಿ ಹಿಪ್ಪುನೇರಳೆ, ಕಡಲೆಕಾಯಿ. ಆ ಕಡೆಯವರೆಲ್ಲ ದುಡಿಮೆ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾಗ ಇವರು ಉಲ್ಟಾ ದಿಕ್ಕಿಗೆ, ರಾಯದುರ್ಗಕ್ಕೆ ಬಂದರು. ಆಗ ಇಲ್ಲಿ ಪಡಸಾಲೆ ಇದ್ದವರೆಲ್ಲ ಜೀನ್ಸ್ ಹೊಲಿಯುವ ಮಿಷಿನ್ ಹಾಕುತ್ತಿದ್ದ ಕಾಲ. ಇಪ್ಪತ್ತು ವರ್ಷಗಳಲ್ಲಿ ಊರಿನ ಅತಿ ನಂಬಿಕಸ್ತ ಕಟಿಂಗ್ ಮಾಸ್ತರಾದರು. ಇಪ್ಪತ್ತು ವರ್ಷವಾದರೂ ರಾಯದುರ್ಗದ ‘ರಿ’ ಅವರ ಬಾಯಿಗೆ ಹತ್ತಲಿಲ್ಲ. "ನಿಮ್ಮೋರು ಬೈಯೋದ್ನೂ ಮರ್ವಾದೆಯಾಗೇ ಬೈತಾರೆ. ನಮ್ಕಡೆ ಪ್ರೀತಿ ಮಾಡಾಕೂ ಬೈಬೇಕು," ಎನ್ನುತ್ತಿದ್ದರು. ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ಪತ್ರಿಕೆ ಮೂರು ಸಾಲಿನಲ್ಲಿ ಹಾಕಿತು. ಆ ಮೂರು ಸಾಲು ಬರೆದವನು ನಾನೇ. ಅದರಲ್ಲಿ ಬಿಟ್ಟುಹೋದದ್ದು ಬಹಳ.

ಕಟಿಂಗ್ ಟೇಬಲ್ಲಿಗೆ ಒಂದು ಪದ್ಧತಿ ಇತ್ತು. ಒಬ್ಬ ಮಾಸ್ತರು ಇನ್ನೊಬ್ಬನಿಗೆ ಪ್ಯಾಟರ್ನ್ ಕೊಟ್ಟರೆ ಅಳತೆಯನ್ನೆಲ್ಲ ಬರೆದುಕೊಡುತ್ತಾನೆ, ಕೊನೆಯ ಒಂದು ಸಾಲನ್ನು ಖಾಲಿ ಬಿಡುತ್ತಾನೆ. ಅದು ವಾಷಿಂಗ್ ಬಿಡುವು. ಬಳ್ಳಾರಿಗೆ ಹೋಗಿ ಬಿಸಿನೀರಿನಲ್ಲಿ ತೊಳೆದು ಬರುವ ಪ್ಯಾಂಟು ಎಷ್ಟು ಕುಗ್ಗುತ್ತದೆ, ಅದಕ್ಕೆಂದು ಕತ್ತರಿಸುವಾಗ ಎಷ್ಟು ಹೆಚ್ಚು ಬಿಡಬೇಕು ಎಂಬ ಲೆಕ್ಕ. ಬಟ್ಟೆಯ ಒಂದು ಥಾನಿನಿಂದ ಇನ್ನೊಂದಕ್ಕೆ ಅದು ಬದಲಾಗುತ್ತದೆ. ಖಾಲಿ ಸಾಲು ಕಂಡವನು ಎಲೆಅಡಿಕೆ ಹಿಡಿದು ಬರಬೇಕು, ಬಟ್ಟೆಯ ತುಂಡು ತೋರಿಸಬೇಕು, ಕೇಳಬೇಕು. ಆಗ ಹೇಳಲೇಬೇಕು. ಬಚ್ಚಿಡುವ ಉದ್ದೇಶ ಅದರಲ್ಲಿ ಇರಲಿಲ್ಲ. ಖಾಲಿ ಬಿಟ್ಟದ್ದು ಎಂದರೆ ‘ಬಾ’ ಎಂದು ಅರ್ಥ. ಟೇಬಲ್ಲಿನವರಿಗೆಲ್ಲ ಇದು ಗೊತ್ತಿತ್ತು.

ಬೆಂಗಳೂರಿನ ಸುಹಾಸನಿಗೆ ಗೊತ್ತಿರಲಿಲ್ಲ. ಅವನೂ ಅವನ ಗೆಳೆಯರೂ ‘ಗಜಕಡ್ಡಿ’ ಎಂಬ ಸಾಫ್ಟ್‌ವೇರ್ ಕಟ್ಟುತ್ತಿದ್ದರು. ಸೊಂಟ, ಉದ್ದ ಕೊಟ್ಟರೆ ಕಂಪ್ಯೂಟರೇ ಪ್ಯಾಂಟಿನ ಪ್ಯಾಟರ್ನ್ ಬಿಡಿಸಿ ಅಚ್ಚು ಹಾಕಿಕೊಡುತ್ತದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಿ ಇನ್ನೊಬ್ಬರಿಗೆ ಕೊಡಬಹುದು. ಅಳತೆಗಾಗಿ ಅವನು ರಾಯದುರ್ಗಕ್ಕೆ ಬಂದ. ಸುದ್ದಿಗೆಂದು ನಾನೂ ಹೋಗಿದ್ದೆ. ಮಾಸ್ತರು ಒಂದೇ ಕೂರಿಕೆಯಲ್ಲಿ ಅವನ ಪಟ್ಟಿಯನ್ನೆಲ್ಲ ತುಂಬಿದರು.

"ಕೊನೇದೊಂದು ಖಾಲಿ ಇದೆಯಲ್ಲ ಮಾಸ್ಟರ್?"

"ಇರ್ಲಿ ಬಿಡಪ್ಪ. ಕತ್ರಿಸೋನು ಬತ್ತಾನೆ, ಕೇಳ್ತಾನೆ, ಆವಾಗ ಹೇಳ್ತೀನಿ."

ಸುಹಾಸ ನಕ್ಕು ಪಟ್ಟಿಯನ್ನು ಮಡಚಿಟ್ಟುಕೊಂಡ. ಕಂಪ್ಯೂಟರಿನಲ್ಲಿ ಖಾಲಿ ಜಾಗ ನಿಲ್ಲುವುದಿಲ್ಲವಂತೆ. ಅದು ಸೊನ್ನೆಯಾಯಿತು.

ಆ ವರ್ಷ ಬೆಂಗಳೂರಿನ ದೊಡ್ಡ ಟೆಕ್ ಸಮ್ಮೇಳನದಲ್ಲಿ ‘ಗಜಕಡ್ಡಿ’ಗೆ ಒಂದು ಸ್ಟಾಲು, ವೇದಿಕೆಯಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತು. ಮಾಸ್ತರನ್ನೂ ಕರೆದರು. "ಒಬ್ನೇ ಹೋದ್ರೆ ಅಲ್ಲಿ ನನ್ನೇ ಹರಾಜಿಗೆ ಇಟ್ಬುಡ್ತಾರೆ, ನೀನೂ ಬಾ," ಎಂದು ನನ್ನನ್ನು ಎಳೆದುಕೊಂಡು ಹೋದರು. ಸ್ಟಾಲಿನ ಹಿಂದೆ ದೊಡ್ಡ ಬ್ಯಾನರು: ‘ಯಾರನ್ನೂ ಕೇಳಬೇಕಿಲ್ಲ. ಬಳಸಿ, ಬದಲಿಸಿ, ಹಂಚಿ.’ ಅದರ ಕೆಳಗೆ ಮಾಸ್ತರು, ಕೈಯಲ್ಲಿ ಹನ್ನೆರಡು ಇಂಚಿನ ಕತ್ತರಿ. ಬಂದವರು ಸ್ಟಿಕ್ಕರು ತೆಗೆದುಕೊಂಡರು, ಕತ್ತರಿಯೊಡನೆ ಫೋಟೋ ತೆಗೆಸಿಕೊಂಡರು. ಮಾಸ್ತರು ಅವರ ಸೊಂಟ ನೋಡಿ ಅಳತೆ ಹೇಳಿದರು. ಒಬ್ಬ ಹುಡುಗಿಗೆ ಹಂಚಿದ ಟೀಶರ್ಟನ್ನು ಅಲ್ಲೇ ಒಳಮಗ್ಗುಲು ತಿರುಗಿಸಿ, "ಇದನ್ನ ಹೊಲ್ದೋನ್ಗೆ ಯಾರೋ ಅವಸ್ರ ಮಾಡವ್ರೆ ಕಣವ್ವ," ಎಂದರು. ನನ್ನ ಕಿವಿಯಲ್ಲಿ, "ಎಲ್ರ ಎದೆ ಮ್ಯಾಲೂ ಹೆಸ್ರು ನೇತಾಕ್ಕಂಡವ್ರೆ. ಆದ್ರೂ ಯಾರಪ್ಪ ನೀನು ಅಂತ ಕೇಳ್ತಾರಲ್ಲ!"

ವೇದಿಕೆಯಲ್ಲಿ ಸುಹಾಸ ಹದಿನೆಂಟು ನಿಮಿಷ ಮಾತನಾಡಿದ. ಉಳಿದ ಎರಡು ನಿಮಿಷದಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಮಾಸ್ಟರ್, ನಿಮ್ಮ ವಿದ್ಯೆನೆಲ್ಲ ಕೊಟ್ಟುಬಿಟ್ರಾ?"

"ಎಲ್ಲಾ ಕೊಟ್ಟಿಲ್ಲ. ಒಂದು ಇಟ್ಕಂಡಿವ್ನಿ. ಬಂದು ಕೇಳ್ಲಿ, ಹೇಳ್ತೀನಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಅದನ್ನು ವರದಿಯ ನಡುವೆ ಬಾಕ್ಸು ಮಾಡಿ ಹಾಕಿದೆ, ‘ಮಾಸ್ತರ ಹಾಸ್ಯ’ ಎಂಬ ತಲೆಬರಹ ಕೊಟ್ಟು. ಇಟ್ಟುಕೊಂಡದ್ದು ಏನು ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಕೇಳಲಿಲ್ಲ.

ಆ ವರದಿಯನ್ನು ಕತ್ತರಿಸಿ ಇಟ್ಟುಕೊಂಡವರಲ್ಲಿ ಗಂಗಮ್ಮ ಒಬ್ಬಳು. ಮಾಸ್ತರ ಟೇಬಲ್ಲಿನ ಪಕ್ಕದ ಮಿಷಿನ್ನಿನಲ್ಲಿ ಹತ್ತು ವರ್ಷ ಕೂಲಿಗೆ ಹೊಲಿದು, ಆಗಷ್ಟೇ ತನ್ನ ಮನೆಯ ಪಡಸಾಲೆಯಲ್ಲಿ ನಾಲ್ಕು ಮಿಷಿನ್ ಹಾಕಿಕೊಂಡಿದ್ದ ಹೆಂಗಸು. ರಾಯದುರ್ಗದಲ್ಲಿ ಹೆಂಗಸರು ಹೊಲಿಯುತ್ತಿದ್ದರು, ಗುಂಡಿ ಹಾಕುತ್ತಿದ್ದರು, ದಾರ ಕತ್ತರಿಸುತ್ತಿದ್ದರು. ಬಟ್ಟೆ ಕತ್ತರಿಸುವವರು ಗಂಡಸರು. ಬಳ್ಳಾರಿಯ ವ್ಯಾಪಾರಿಯೊಬ್ಬರು ಗಂಗಮ್ಮನಿಗೆ ಮುನ್ನೂರು ಪ್ಯಾಂಟಿನ ಆರ್ಡರ್ ಕೊಟ್ಟರು. ಇದು ಸರಿಬಂದರೆ ಯೂನಿಟ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆಕೆ ಯಾವ ಮಾಸ್ತರನ್ನೂ ಕರೆಯಲಿಲ್ಲ. ಕಂಪ್ಯೂಟರ್ ಸೆಂಟರಿಗೆ ಹೋಗಿ ‘ಗಜಕಡ್ಡಿ’ಯ ಪ್ಯಾಟರ್ನ್ ಅಚ್ಚು ಹಾಕಿಸಿ ತಂದು, ಮುನ್ನೂರನ್ನೂ ತಾನೇ ಕತ್ತರಿಸಿದಳು. ಕತ್ತರಿಸಿದ್ದು ಕಸೂತಿಯಷ್ಟು ಚೊಕ್ಕ ಎಂದು ನೋಡಿದವರು ಹೇಳಿದರು. ಬಳ್ಳಾರಿಯಿಂದ ತೊಳೆದು ಬಂದಾಗ ಮುನ್ನೂರೂ ಎರಡೆರಡು ಇಂಚು ಗಿಡ್ಡ.

ಸುದ್ದಿ ಕೇಳಿ ಮಾಸ್ತರು ಓಡಿದರು. ನಾನೂ ಜೊತೆಗಿದ್ದೆ. ಪಡಸಾಲೆಯ ತುಂಬ ವ್ಯಾಪಾರಿ ಬೇಡವೆಂದ ಪ್ಯಾಂಟಿನ ಗುಡ್ಡೆ. ಗಂಗಮ್ಮ ಅಳುತ್ತಿರಲಿಲ್ಲ.

"ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲವ್ವಾ," ಎಂದರು ಮಾಸ್ತರು.

"ಯಾರ್ನೂ ಕೇಳಬೇಕಿಲ್ಲ ಅಂತ ನಿಮ್ಮ ತಲೀ ಮ್ಯಾಲೆ ಬರದಿತ್ತಲ್ರಿ ಮಾಸ್ತರ, ಪೇಪರಿನ ಫೋಟೋದಾಗ. ಒಂದು ಇಟ್ಕೊಂಡೀನಿ ಅಂದದ್ದು ಹಾಸ್ಯ ಅಂತ ಇವರ ಬರದಾರ." ನನ್ನ ಕಡೆ ಬೆರಳು ತೋರಿದಳು. "ಮತ್ತ, ಹಿಂದ ಒಮ್ಮೆ ಕೇಳಿದ್ದೆ. ನಿಮಗ ನೆಪ್ಪಿಲ್ಲ. ಎಲೆಅಡಿಕೆ ತಂದು ಕೇಳಿದ್ದೆ. ಏನಂದ್ರಿ ಹೇಳ್ರಿ?"

ಮಾಸ್ತರು ಗುಡ್ಡೆಯಿಂದ ಒಂದು ಪ್ಯಾಂಟು ಎತ್ತಿಕೊಂಡರು.

"ಎಲಿ ತಗೊಂಡು ಹಾಕ್ಕೊಂಡ್ರಿ. ಹೆಂಗಸ್ರಿಗೆ ಯಾಕವ್ವ ಇದು, ಹೊಲಿ ಹೋಗು ಅಂದ್ರಿ. ಎಲ್ಲಾರೂ ನಕ್ರು. ನಾನೂ ನಕ್ಕೆ."

ಮಾಸ್ತರು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಆಮೇಲಿನ ವಾರ ಅವರು ಯಾವ ಬಟ್ಟೆಗೆ ಎಷ್ಟು ಬಿಡುವು ಎಂದು, ತಮಗೆ ತಿಳಿದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದರು. ಊರಿನ ಮಾಸ್ತರುಗಳು ಇದನ್ನು ಕ್ಷಮಿಸಲಿಲ್ಲ. "ಟೇಬಲ್ ಮರ್ಯಾದಿ ಬೀದಿಗೆ ಹಾಕಿದ್ರಿ," ಎಂದರು. ಒಂದು ಪ್ರತಿ ಸುಹಾಸನಿಗೆ ಹೋಯಿತು. ಅವನು ಎರಡೇ ದಿನದಲ್ಲಿ ಸೊನ್ನೆಯನ್ನು ತಿದ್ದಿದ. ಇದನ್ನು ಒಪ್ಪಿಕೊಳ್ಳಬೇಕು. ಇನ್ನೊಂದು ಪ್ರತಿ ಗಂಗಮ್ಮನಿಗೆಂದು ಮಾಸ್ತರ ಜೇಬಿನಲ್ಲೇ ಉಳಿಯಿತು. ಕೊಡುವ ಧೈರ್ಯ ಅವರಿಗೆ ಬರಲಿಲ್ಲ. ಮೊದಲು ಹತ್ತು ಜನರೆದುರು ತಪ್ಪು ಒಪ್ಪಬೇಕು, ಆಮೇಲೆ ಆಕೆಯ ಮನೆ ಬಾಗಿಲು ತಟ್ಟಬೇಕು ಎಂದು ಹಟ ಹಿಡಿದರು.

ಮರುವರ್ಷದ ಸಮ್ಮೇಳನ ಅದೇ ಸಭಾಂಗಣದಲ್ಲಿ. ಮಾಸ್ತರು ಗಂಗಮ್ಮನ ಗಿಡ್ಡ ಪ್ಯಾಂಟೊಂದನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು.

"ತಿದ್ದಿದ್ದಾಯ್ತಲ್ಲ ಮಾಸ್ಟರ್. ನಿಮ್ಮ ಹೆಸರೂ ಹಾಕಿದ್ದೀವಿ," ಎಂದ ಸುಹಾಸ.

"ನನ್ನೆಸ್ರು ಯಾಕಪ್ಪ? ಆಯಮ್ಮನ ಪ್ಯಾಂಟು ಹಿಂಗಾತು ಅಂತ ಹೇಳು. ಕೇಳಬೇಕಿಲ್ಲ ಅನ್ನೋದು ಸುಳ್ಳು ಅಂತ ಹೇಳು."

"ಸ್ಟೇಜ್ ಮೇಲೆ ಬೇಡ. ಈ ಸಲ ದೊಡ್ಡ ಕಂಪನಿಯವರು ನೋಡೋಕೆ ಬಂದಿದಾರೆ. ನೀವು ಸ್ಟಾಲ್‌ನಲ್ಲಿರಿ, ಅಲ್ಲೇ ನಿಮಗೆ ಜನ ಜಾಸ್ತಿ."

ಮಾಸ್ತರು ಸ್ಟಾಲಿನಲ್ಲಿ ಇರಲಿಲ್ಲ. ಸಭೆಯ ಕೊನೆಯ ಸಾಲಿನಲ್ಲಿ ಕೂತು, ಪ್ರಶ್ನೆಗಳ ಹೊತ್ತಿಗೆ ಎದ್ದು ಮೈಕು ಇಸಿದುಕೊಂಡರು. ಪ್ಯಾಂಟನ್ನು ತಮ್ಮ ಕಾಲಿಗೆ ಹಿಡಿದು ತೋರಿಸಿದರು. "ಇದನ್ನ ಕತ್ರಿಸ್ದೋಳು ಗಂಗಮ್ಮ ಅಂತ, ರಾಯದುರ್ಗದಾಕೆ. ತಪ್ಪು ನಂದು. ಕೇಳಿದ್ಲು, ನಾನು ಹೇಳ್ಲಿಲ್ಲ..." ಗಿಡ್ಡ ಪ್ಯಾಂಟು ಕಂಡು ಮುಂದಿನ ಸಾಲುಗಳಲ್ಲಿ ನಗು ಎದ್ದಿತು. ಹೋದ ವರ್ಷ ಬಂದಿದ್ದವರು ಗುರುತು ಹಿಡಿದು ಕೂಗಿದರು, "ಮಾಸ್ಟರ್! ಮಾಸ್ಟರ್!" ಚಪ್ಪಾಳೆ. ನಿರೂಪಕಿ ಕೈಗಡಿಯಾರ ನೋಡಿ, "ಮಾಸ್ಟರ್‌ಗೆ ಇನ್ನೊಂದು ಜೋರು ಚಪ್ಪಾಳೆ, ಈಗ ಊಟ," ಎಂದರು. ಮೈಕು ಆಫ್ ಆದ ಮೇಲೂ ಅವರು ಇನ್ನೆರಡು ವಾಕ್ಯ ಹೇಳಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಎರಡೂ ವಾಕ್ಯ ಕ್ಷಮೆ ಕೇಳುವಂಥವು.

ರಾಯದುರ್ಗಕ್ಕೆ ವಾಪಸು ಬಂದಾಗ ಗಂಗಮ್ಮನ ಮನೆಗೆ ಬೀಗ. ಮಿಷಿನ್‌ಗಳನ್ನು ಮಾರಿ ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗೆ ಹೋದಳು ಎಂದರು ಪಕ್ಕದ ಮನೆಯವರು. ಮಾಸ್ತರು ಕತ್ತರಿ ಬಿಟ್ಟು ರೊಳ್ಳಕ್ಕೆ ಮರಳಿದರು.

ಕೊನೆಯ ಸಲ ಸಿಕ್ಕಿದ್ದು ಮಡಕಶಿರಾದ ಬಸ್ ನಿಲ್ದಾಣದಲ್ಲಿ. ಬೆಂಗಳೂರಿನಿಂದ ಆಗಷ್ಟೇ ಇಳಿದಿದ್ದರು. ಗಂಗಮ್ಮನನ್ನು ಕಾಣಲು ಹೋಗಿದ್ದರಂತೆ.

"ಸಂಜೆ ಗೇಟ್ ಬಿಟ್ರು. ಎಲ್ಲಿ ನೋಡಿದ್ರೂ ಹೆಣ್ಮಕ್ಳೇ ಕಣಪ್ಪ. ಆಯಮ್ಮನೇ ನನ್ನ ಗುರ್ತು ಹಿಡಿದು ನಿಂತ್ಕಂಡ್ಲು. ಚೀಟಿ ಕೊಟ್ಟೆ. ಅಲ್ಲೇ ರೋಡ್ನಾಗೆ ನಿಂತು ಪೂರ್ತಿ ಓದಿದ್ಲು. ‘ಬರೋಬ್ಬರಿ ಐತ್ರಿ ಮಾಸ್ತರ’ ಅಂದ್ಲು. ಆಮೇಕೆ ಮಡಚಿ ವಾಪಸ್ ನನ್ ಕೈಗೇ ಕೊಟ್ಲು."

"ಯಾಕೆ?"

ಮಾಸ್ತರು ಅವಳ ಮಾತನ್ನು ಅವಳದೇ ರಾಯದುರ್ಗದ ಕನ್ನಡದಲ್ಲಿ, ಒಂದು ಅಕ್ಷರ ಬಿಡದೆ ಹೇಳಿದರು: "‘ಇಲ್ಲಿ ನಾನು ಎಡಗಡಿ ಜೇಬು ಹಚ್ಚತೀನ್ರಿ. ಮುಂಜಾನಿಂದ ಸಂಜೀತನ ಅದೊಂದ. ಇಡೀ ಪ್ಯಾಂಟು ನನ್ನ ಕೈಗೆ ಬರಂಗಿಲ್ಲ’ ಅಂದ್ಲು."

ರೊಳ್ಳದ ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕುಳಿತರು. ಚೀಟಿ ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ನನ್ನ ಕಡೆಗೆ ಚಾಚಲಿಲ್ಲ. ನಾನೂ ಕೇಳಲಿಲ್ಲ.