ಉಳಿದ ತುಂಡು

ಜೋಗೇಶ್ವರಿಯ ಗಾಲಾ ಎನ್ನುವ ಪುಟ್ಟ ಕಾರ್ಖಾನೆ ಕೋಣೆಯಲ್ಲಿ ಮಿಲಿಂಗ್ ಮಷೀನು ಇಟ್ಟುಕೊಂಡಿದ್ದ ಅವರು ವಿಜಾಪುರದ ಕಡೆಯವರು, ಎಲ್ಲರಿಗೂ ಚಾಚಾ. ಎಕ್ಸ್-ರೇ ಡಿಟೆಕ್ಟರ್ ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲು ನಾನು ವಿನ್ಯಾಸ ಮಾಡುತ್ತಿದ್ದ ಅಲ್ಯುಮಿನಿಯಂ ಫಲಕಗಳನ್ನು, ನಾನು ತಂದುಕೊಟ್ಟ ಲೋಹದ ಪಟ್ಟಿಯಿಂದ ಅವರೇ ಕತ್ತರಿಸಿಕೊಡುತ್ತಿದ್ದರು. ಪ್ರತಿಯೊಂದನ್ನೂ ಬನಿಯನ್ನಿಗೆ ಒರೆಸಿ, "ಕೂದಲೆಳಿ ಫರಕ್ ಇಲ್ರಿ ಸರ" ಎಂದೇ ಕೈಗಿಡುವರು.

ಒಂದು ಸಲ ಎಂಟು ಫಲಕಗಳಲ್ಲಿ ಏಳನೆಯದರ ನೆರಳು ಮಾತ್ರ ಎಕ್ಸ್-ರೇ ಚಿತ್ರದಲ್ಲಿ ಬೇಕಾದ್ದಕ್ಕಿಂತ ದಟ್ಟವಾಗಿ ಬಂತು. ಡಿಟೆಕ್ಟರ್ ಮರುದಿನವೇ ಆಸ್ಪತ್ರೆಗೆ ಹೋಗಬೇಕಿತ್ತು. ಚಾಚಾನ ಕೈ ತಪ್ಪುವುದಿಲ್ಲವೆಂದು ನಂಬಿ ಡಿಟೆಕ್ಟರನ್ನೇ ತಿದ್ದಲು ಕುಳಿತೆ. ಮನಸ್ಸು ಒಪ್ಪಲಿಲ್ಲ. ಆ ಫಲಕ ತೆಗೆದುಕೊಂಡು, ಅಂಧೇರಿಯ ನನ್ನ ಕಚೇರಿಯಿಂದ ರಿಕ್ಷಾ ಹಿಡಿದು ಅವರಲ್ಲಿಗೇ ಓಡಿದೆ.

ಅವರು ಫಲಕದ ದಪ್ಪ ಅಳೆದರು. ಸರಿಯಿತ್ತು. ಆಮೇಲೆ ಅಂಚಿಗೆ ಅರ ಎಳೆದರು. ಸದ್ದು ಬೇರೆಯಾಗಿ ಕೇಳಿದ್ದೇ ಕೈ ನಿಂತಿತು.

"ಅಳತಿ ಬರೋಬರಿ ಐತ್ರಿ, ಮಾಲ್ ಬ್ಯಾರೆ. ನೀವು ಕೊಟ್ಟ ಪಟ್ಟಿ ಕಡಿಮಿ ಬಿತ್ತು. ಕೆಲಸ ನಿಲ್ಲಬಾರದಂತ ನನ್ನ ಕಡೇದ ಒಂದ್ ತುಂಡು ಹಾಕಿದ್ನಿ."

ಕಣ್ಣಿಗೆ ಎರಡೂ ಒಂದೇ. ಅವರ ತುಂಡಿನಲ್ಲಿ ಬೆರೆತ ತಾಮ್ರ ಎಕ್ಸ್-ರೇಗೆ ಗೊತ್ತಾಗುತ್ತದೆ.

"ಇದನ್ನ ನಂಬಿ ಯಾರದರೆ ಎದಿ ಫೋಟೊ ತಗದ್ರೇನ್ರಿ?"

"ಇಲ್ಲ ಚಾಚಾ."

ಆಗಲೇ ಅವರು ಸ್ಟೂಲಿನ ಮೇಲೆ ಕುಳಿತದ್ದು.

ಅಂದಿನಿಂದ ಕೂದಲೆಳೆಯ ಮಾತು ಅವರ ಬಾಯಲ್ಲಿ ಬರಲಿಲ್ಲ. ಫಲಕಗಳ ಪಕ್ಕ, ನಾನು ಕೊಟ್ಟಿದ್ದ ಪಟ್ಟಿಯಲ್ಲಿ ಉಳಿದ ತುಂಡನ್ನೂ ಇಡುತ್ತಿದ್ದರು. ಎರಡಕ್ಕೂ ಎಳೆದು ನೋಡಲು ಅರವನ್ನು ನನ್ನ ಕೈಗೆ ಕೊಟ್ಟು, ಮಷೀನು ಬಂದ್ ಮಾಡಿ, ಕಿವಿಗೊಟ್ಟು ನಿಲ್ಲುತ್ತಿದ್ದರು.